ಜಾವಾದ ಜಾತಕ

ನಮ್ಮ ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಜಾವಾ. ಎಮ್ಮೆಗಳ ನಂಬರು ಕಿವಿಯ ಹಳದಿ ಓಲೆಯಲ್ಲೇ ಇದೆ. ಜಾವಾದ ನಂಬರು ಹುಡುಕಲು ಹೋಗಿ ನನ್ನದೊಂದು ಭಾನುವಾರ ಹಾಳಾಯಿತು.

ಬೈಕು ದೊಡ್ಡಪ್ಪನದು, 1970ರದು. ಹುಟ್ಟಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ನಮ್ಮೂರು ಬಿಳಿಕೆರೆಯಿಂದ ಅಲ್ಲಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು, ತವರಿಗೆ ಹತ್ತಿರ ಕೊಟ್ಟ ಹೆಣ್ಣಿನ ಹಾಗೆ. ಆದರೆ ಆ ತವರು 1996ರಲ್ಲೇ ಬಾಗಿಲು ಹಾಕಿತು. ಇಟಲಿಯ ಫೆರಾರಿಯವರಾದರೆ ತಮ್ಮ ಹಳೇ ಕಾರಿನ ಎಂಜಿನ್ನು, ಚಾಸಿ, ಗೇರ್‌ಬಾಕ್ಸು ಪರೀಕ್ಷಿಸಿ ಅಸಲಿ ಅಂತ ಪ್ರಮಾಣಪತ್ರ ಕೊಡುತ್ತಾರಂತೆ. ನಮ್ಮದಕ್ಕೆ ಯಾರು ಸಹಿ ಹಾಕಬೇಕು?

ಈ ಯೋಚನೆ ಹತ್ತಿಸಿದ್ದು 2021ರ ಕೇಂದ್ರದ ನಿಯಮ. 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ಪಟ್ಟ, ಹೊಸದಾಗಿ ನೋಂದಾಯಿಸಿದರೆ 'ವಿಎ' ಅಕ್ಷರದ ನಂಬರ್ ಪ್ಲೇಟು, ಅದಕ್ಕೆ 20,000 ರೂಪಾಯಿ, ದಿನಬಳಕೆಗೆ ಓಡಿಸುವಂತಿಲ್ಲ. ಕೊನೆಯ ಷರತ್ತನ್ನು ನಮ್ಮ ಜಾವಾ ಹತ್ತು ವರ್ಷದಿಂದ ಶ್ರದ್ಧೆಯಿಂದ ಪಾಲಿಸುತ್ತಿದೆ. ಕಷ್ಟವಾಗಿದ್ದು 'ಮೂಲರೂಪ'. ಸೀಟು ಹುಣಸೂರಿನಲ್ಲಿ ಹೊಲಿಸಿದ್ದು, ಒಂದು ಸೈಲೆನ್ಸರ್ ಯಾವುದೋ ಯೆಜ್ಡಿಯದು, ಹಿಂದಿನ ಮಡ್ಗಾರ್ಡಿಗೆ ಹೊಗೆಸೊಪ್ಪಿನ ಬ್ಯಾರನ್ನಿನ ತಗಡಿನ ತೇಪೆ. ಒರಿಜಿನಲ್ ಉಳಿದಿದ್ದು ಹೊಗೆ ಮಾತ್ರ.

ಚಾಸಿ ನಂಬರಿಗಾಗಿ ಹ್ಯಾಂಡಲ್ ಕೆಳಗಿನ ಕತ್ತಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡಡ್ಡ ಆಡಿಸಿದೆ. ಬೂದು ಬಣ್ಣದೊಳಗಿಂದ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಕೊನೆಯದು 3 ಅಂದರೆ 3, 8 ಅಂದರೆ 8. ಆರ್‌ಸಿ ಪುಸ್ತಕ ತೆಗೆದರೆ ಅಲ್ಲಿ ಆ ಅಂಕಿಯನ್ನೇ ಗೆದ್ದಲು ತಿಂದಿತ್ತು. ಆ ಕಾಲದ ಜಾವಾಕ್ಕೆ ಮೊಳೆಯಂಥ ಕೀ. ಒಬ್ಬರದು ಇನ್ನೊಬ್ಬರ ಗಾಡಿಗೂ ಕೂರುತ್ತಿತ್ತು ಅನ್ನುತ್ತಿದ್ದರು ದೊಡ್ಡಪ್ಪ. ಅಂಥ ಗಾಡಿಗೆ ಇದು ನಮ್ಮದೇ ಅಂತ ನಾನೀಗ ಸಾಕ್ಷಿ ಹುಡುಕುತ್ತಿದ್ದೆ.

ಸಿಕ್ಕಿದ್ದು ಮ್ಯಾನ್ಯುಯಲ್. ಅಟ್ಟದ ಟ್ರಂಕಿನಲ್ಲಿ, ಎಲ್‌ಐಸಿ ಬಾಂಡಿನ ಕೆಳಗೆ. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುವ ಆ ಚಮತ್ಕಾರದ ಚಿತ್ರದ ಮೇಲೆ ದೊಡ್ಡಪ್ಪನ ಗ್ರೀಸ್ ಹೆಬ್ಬೆಟ್ಟು. ಪೆಟ್ರೋಲಿಗೆ ಎಣ್ಣೆ ಬೆರೆಸುವ ಪುಟದ ಅಂಚಿನಲ್ಲಿ ಅವರದೇ ಅಕ್ಷರ: 'ಇದಕ್ಕಿಂತ ವಸಿ ಜಾಸ್ತಿ.'

ಬೈಕಿನ ಫೋಟೋ ನೋಡಿದ ಬೆಂಗಳೂರಿನ ಸಂಗ್ರಹಕಾರರೊಬ್ಬರು ಮುಂದಿನ ಭಾನುವಾರವೇ ಕಾರಿನಲ್ಲಿ ಬಂದಿಳಿದರು. ಬೈಕಿನ ಸುತ್ತ ಒಂದು ಸುತ್ತು ಬಂದು, ತಗಡಿನ ತೇಪೆ ಮುಟ್ಟಿ, ಸಾವಿನ ಮನೆಯಲ್ಲಿ ನಿಂತವರಂತೆ ತಲೆಯಾಡಿಸಿದರು. ಮ್ಯಾನ್ಯುಯಲ್ ಕೈಗೆ ಕೊಟ್ಟೆ ನೋಡಿ, ಮುಖ ಅರಳಿತು. "ಗಾಡಿ ನೀವೇ ಇಟ್ಕೊಳ್ಳಿ ಸಾರ್, ಇದಕ್ಕೆ ಐದು ಸಾವಿರ ಕೊಡ್ತೀನಿ."

ನಾನು ಆಗಲೇ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಕಾಫಿ ತಂದ ದೊಡ್ಡಮ್ಮ ಲೋಟ ಇಟ್ಟು, ಪುಸ್ತಕ ಈಸಿಕೊಂಡು, ಹಿಂದಿನ ಖಾಲಿ ಪುಟಗಳನ್ನು ಬಿಚ್ಚಿದರು. ಅಲ್ಲಿ ಸಾಲು ಸಾಲು ಹೆಸರು, ಎದುರಿಗೆ 40, 75, 110.

"ಇದ್ರಲ್ಲಿ ನಿಮ್ ದೊಡ್ಡಪ್ಪ ಊರೋರ್ಗೆ ಕೊಟ್ಟಿರೋ ಸಾಲದ ಲೆಕ್ಕ ಅದೆ ಕನಪ್ಪ," ಅಂದರು ಸೆರಗಿನಲ್ಲಿ ರಟ್ಟು ಒರೆಸುತ್ತ. "ವಸೂಲಾಗೋಗಂಟ ಕೊಡಕ್ಕಾಯ್ತದಾ?"