125 ಎಂಬ ಗೆರೆಯೇ ನನ್ನಲ್ಲಿಲ್ಲ

ಜಿಲ್ಲಾ ಬೋಧನಾ ಆಸ್ಪತ್ರೆಯೊಂದರ ಗಂಡಸರ ಮೆಡಿಕಲ್ ವಾರ್ಡು. ರಾತ್ರಿ ಪಾಳಿಯ ನಡುವೆ ಪಾದರಸದ ಬಿಪಿ ಯಂತ್ರ ಮಾತಿಗೆ ಸಿಕ್ಕಿತು. ಮುಚ್ಚಳದ ಕೊಂಡಿ ಮುರಿದಿತ್ತು, ತೋಳಿಗೆ ಸುತ್ತುವ ಪಟ್ಟಿ ಪ್ಲಾಸ್ಟರಿನ ದಯೆಯಿಂದ ನಿಂತಿತ್ತು. ಗಾಳಿ ಸೋರುತ್ತಿದ್ದರೂ ಮಾತಿಗೇನೂ ಕೊರತೆಯಿರಲಿಲ್ಲ.

ನಾನು: ಈ ಹೊತ್ತಿನಲ್ಲೂ ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿವೆಯಲ್ಲ, ರೋಗಿಗಳು ನಿದ್ದೆ ಮಾಡುವುದು ಹೇಗೆ?

ಬಿಪಿ ಯಂತ್ರ: ನನ್ನನ್ನ ಕೇಳಬೇಕಾದ್ದು ಅದಲ್ಲ ಸ್ವಾಮಿ. ಆ ಚಾರ್ಟ್ ನೋಡಿ. ಒಂದನೇ ಬೆಡ್ಡು 130/80. ಎರಡನೇದು 130/80. ಮೂರನೇದೂ 130/80. ನಾಲ್ಕನೆಯವನು ಸಂಜೆಯೇ ಡಿಸ್ಚಾರ್ಜ್ ಆಗಿ ಬಸ್ಸು ಹತ್ತಿದ, ಅವನಿಗೂ ರಾತ್ರಿ ಹತ್ತಕ್ಕೆ 130/80. ಐದನೆಯವರಿಗೆ ಬರೆಯುವಾಗ ಬೇಜಾರು ಬಂತೋ ಏನೋ, 125/85! ನನ್ನ ಗಾಜಿನ ಕೊಳವೆಯ ಮೇಲೆ ಗೆರೆಗಳಿರೋದು ಎರಡೆರಡರ ಲೆಕ್ಕದಲ್ಲಿ. 122, 124, 126. 125 ಎಂಬ ಗೆರೆಯೇ ನನ್ನಲ್ಲಿಲ್ಲ. ಪೆಟ್ಟಿಗೆಯ ಮುಚ್ಚಳ ಕೂಡ ತೆಗೆಯದೆ ನನ್ನ ಹೆಸರಲ್ಲಿ ಸಾಕ್ಷಿ ಬರೆದರೆ ಇದೇ ಆಗೋದು.

ನಾನು: ಹಾಗಾದರೆ ತಪ್ಪು ಸಿಸ್ಟರ್‌ಗಳದ್ದು?

ಬಿಪಿ ಯಂತ್ರ: ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ನೆಲದ ಮೇಲೆ ಹಾಸಿದ ಹಾಸಿಗೆಗಳು ಬೇರೆ. ಡ್ರಿಪ್ ಬದಲಿಸಬೇಕು, ಇನ್ಸುಲಿನ್ ಕೊಡಬೇಕು, ರಕ್ತ ತರಿಸಬೇಕು. ನಾನು ಅವರನ್ನ ಬೈತಿಲ್ಲ, 125ನ್ನ ಬೈತಿದ್ದೀನಿ. 124 ಅಂತ ಬರೆದಿದ್ದರೆ ಮಾನವಾದರೂ ಉಳೀತಿತ್ತು.

ನಾನು: 2013ರ ಮಿನಮಾಟ ಒಪ್ಪಂದದ ಪ್ರಕಾರ ಪಾದರಸದ ನಿಮ್ಮ ಕುಲವೇ ಮನೆಗೆ ಹೋಗಬೇಕು. ಭಯವಿಲ್ಲವೇ?

ಬಿಪಿ ಯಂತ್ರ: ಹೋಗಲಿ ಬಿಡಿ. ಬ್ಯಾಟರಿಯ ತಮ್ಮನೊಬ್ಬ ಬಂದ. ಸೆಲ್ ಮುಗಿದ ದಿನದಿಂದ ಬೀರುವಿನಲ್ಲಿ ಮಲಗಿದ್ದಾನೆ. ಆದರೆ ಅವನು 125 ತೋರಿಸಬಲ್ಲ ನೋಡಿ, ಅದೇ ನನ್ನ ಹೊಟ್ಟೆಯುರಿ.

ನಾನು: ನಿಜವಾಗಿ ಅಳೆದಾಗ?

ಬಿಪಿ ಯಂತ್ರ: ದಪ್ಪ ತೋಳಿಗೆ ಈ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯೂ ಏರುತ್ತೆ. ರೋಗಿ ಮಾತಾಡ್ತಿದ್ದರೂ ಏರುತ್ತೆ, ನೋವಿದ್ದರೂ ಏರುತ್ತೆ. 180/110 ಅಂದ ಕೂಡಲೇ ಡ್ಯೂಟಿ ಡಾಕ್ಟರಿಗೆ ಫೋನು. ಅವರೋ ಕ್ಯಾಶುಯಲ್ಟಿಯಲ್ಲಿ ಎದೆನೋವಿನವರ ಇಸಿಜಿ ಹಿಡಿದು ನಿಂತಿರ್ತಾರೆ. ಇನ್ನೊಂದು ವಾರ್ಡಿನಲ್ಲಿ ಶುಗರ್ ಇಳಿದು ಬೆವರುತ್ತಿರುವವರು, ಮತ್ತೊಂದರಲ್ಲಿ ಮಂಚದಿಂದ ಬಿದ್ದವರು. ಹಿಂದೆಲ್ಲ ಫೋನಿನಲ್ಲೇ ಹೇಳಿಬಿಡೋರು: ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡಿ. ಅಂಕಿ ಸರ್ರನೆ ಇಳಿಯೋದು. ಕೆಲವರಿಗೆ ಮೆದುಳಿಗೆ, ಹೃದಯಕ್ಕೆ ಹೋಗೋ ರಕ್ತವೂ ಇಳಿದು ಪ್ರಾಣಕ್ಕೇ ಬರೋದು. ಇದನ್ನ ನಿಲ್ಲಿಸಿ ಅಂತ 1996ರಲ್ಲೇ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ವೈದ್ಯರು ಬರೆದರು. ಅಂಕಿಗೆ ಔಷಧ ಕೊಡೋ ಚಟ ಅಷ್ಟು ಬೇಗ ಬಿಡುತ್ತಾ?

ನಾನು: ಈ ದೀಪದ ವಿಷಯಕ್ಕೆ ಬರೋಣ...

ಬಿಪಿ ಯಂತ್ರ: ಮತ್ತೆ ದೀಪವಾ! ಸರಿ, ಕೇಳಿ. ಹನ್ನೊಂದನೇ ಬೆಡ್ಡಿನ ಅಜ್ಜ ಹಗಲೆಲ್ಲ ಚೆನ್ನಾಗೇ ಇದ್ದರು. ಮಧ್ಯರಾತ್ರಿ ಎದ್ದು, ‘ಎಮ್ಮೆ ಹಗ್ಗ ಬಿಚ್ಕೊಂಡಿದೆ, ಹಿಡೀರೋ’ ಅಂತ ಡ್ರಿಪ್ ಕಿತ್ತು ಹೊರಟರು. ಬಿಪಿ 190/100. ‘ನಿದ್ದೆ ಇಂಜೆಕ್ಷನ್ ಕೊಡಿ, ಕೈ ಕಟ್ಟಿ’ ಅಂತ ಸುತ್ತಲಿನವರ ಸಲಹೆ. ಬಂದ ಪಿಜಿ ಡಾಕ್ಟರಮ್ಮ ನನ್ನನ್ನ ಪಕ್ಕಕ್ಕಿಟ್ಟು ಅಜ್ಜನ ಕಿಬ್ಬೊಟ್ಟೆ ಮುಟ್ಟಿ ನೋಡಿದರು. ಬಿಗಿದು ಉಬ್ಬಿತ್ತು. ಸಂಜೆಯಿಂದ ಮೂತ್ರ ಕಟ್ಟಿತ್ತು, ಯಾರೂ ಕೇಳಿರಲಿಲ್ಲ. ಕ್ಯಾಥೆಟರ್ ಹಾಕಿದರೆ ಮುಕ್ಕಾಲು ಲೀಟರು! ಆಮೇಲೆ 148/86. ಅಳೆದ ಅಂಕಿ ಇದು, ಬರೆದುಕೊಳ್ಳಿ. ಎಮ್ಮೆಯೂ ಕೊಟ್ಟಿಗೆ ಸೇರಿತು.

ನಾನು: ರಾತ್ರಿಯೆಲ್ಲ ಬೆಳಕಿದ್ದರೆ ವಯಸ್ಸಾದವರಿಗೆ ಇಂಥ ಭ್ರಮೆ ಇನ್ನೂ ಹೆಚ್ಚುತ್ತದೆ. ನಾನು ಮೊದಲಿನಿಂದ ಹೇಳುತ್ತಿರುವುದು ಅದನ್ನೇ! ಅರ್ಧ ಟ್ಯೂಬ್ ಆರಿಸಿದರೆ ಕರೆಂಟ್ ಬಿಲ್ಲೂ...

ಬಿಪಿ ಯಂತ್ರ: ನಿಮಗೆ ಸ್ವಿಚ್ಚಿನದೇ ಚಿಂತೆ. ಆ ಡಾಕ್ಟರಮ್ಮ ಹಿಂದಿನ ಬೆಳಿಗ್ಗೆ ಡ್ಯೂಟಿಗೆ ಬಂದವರು, ಗೊತ್ತಾ? ರೆಸಿಡೆಂಟ್ ವೈದ್ಯರಿಗೆ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಅಂತ ಕೇಂದ್ರದ ರೆಸಿಡೆನ್ಸಿ ಯೋಜನೆ 1992ರಲ್ಲೇ ಬರೆದಿಟ್ಟಿದೆ. ಅದೂ ಈ ಚಾರ್ಟಿನ 130/80 ಥರದ್ದೇ, ಅಳೆಯದೆ ಬರೆದದ್ದು.

ಅಜ್ಜ ಮಲಗಿದ ಮೇಲೆ ಡಾಕ್ಟರಮ್ಮನಿಗೆ ಸ್ವಲ್ಪ ಬಿಡುವು ಸಿಕ್ಕಿತು. ಡ್ಯೂಟಿ ರೂಮಿಗೆ ಹೋಗಲಿಲ್ಲ. ಆ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ಇಲ್ಲೇ ನನ್ನ ಪಕ್ಕ, ಮೇಜಿನ ಮೇಲೆ ತಲೆಯಿಟ್ಟರು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ಪಿಜಿ ವೈದ್ಯೆಯೊಬ್ಬರು ರಾತ್ರಿ ಪಾಳಿಯ ನಡುವೆ ಮಲಗೋಕೆ ಸೆಮಿನಾರ್ ಹಾಲಿಗೆ ಹೋದರು. ಅಲ್ಲೇ ಅತ್ಯಾಚಾರ, ಅಲ್ಲೇ ಕೊಲೆ. ದೇಶವೆಲ್ಲ ಮೇಣದಬತ್ತಿ ಹಚ್ಚಿತು. ಸುಪ್ರೀಂ ಕೋರ್ಟು ತಾನಾಗಿ ಕೇಸು ಎತ್ತಿಕೊಂಡು ಕಾರ್ಯಪಡೆ ನೇಮಿಸಿತು. ಇಲ್ಲಿಗೆ ಒಂದು ಚಿಲಕ ಬಂದಿಲ್ಲ. ಕೇಳಿದರೆ ಇಂಡೆಂಟ್ ಹೋಗಿದೆ ಅಂತಾರೆ. ಯಾರ ಮೇಜಿಗೆ ಹೋಗಿದೆ? ಇನ್ನೊಂದು ಹೆಣ ಬೀಳಲಿ ಅಂತ ಕಾಯ್ತಿದ್ದಾರಾ?

ನನ್ನ ಬಳಿ ಪ್ರಶ್ನೆ ಉಳಿದಿರಲಿಲ್ಲ. ಇಂಥ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಚಿಲಕಕ್ಕೆ ಟೆಂಡರ್ ಕರೆಯಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಕ್ರೂ ಸಮೇತ ಸಿಗುತ್ತದೆ. ನಾಳೆ ಬೆಳಿಗ್ಗೆಯೇ ಹಾಕಿಸಿ.