ನಾಟಕ ಆಡ್ರಿ, ಖರೆ ಬರೀಬ್ಯಾಡ್ರಿ

ವಾಡಿ, ಚಿತ್ತಾಪುರ, ಶಹಾಬಾದ್, ಸೇಡಂ, ಚಿಂಚೋಳಿ ಸೀಮೆಯ ಹೈಸ್ಕೂಲ್ ನಾಟಕಕಾರರಿಗೆ, ಗ್ಯಾದರಿಂಗ್ ಕಮಿಟಿಯ ಒಬ್ಬ ಹಿರಿಯ ಸದಸ್ಯನ ಆಶೀರ್ವಾದ ಮತ್ತು ಎಚ್ಚರಿಕೆ.

ನೀವು ನಾಟಕ ಬರೆದಿದ್ದೀರೆಂಬ ಸುದ್ದಿ ನನ್ನ ಕಿವಿಗೆ ಬಿತ್ತು. ಮೊದಲು ನಂಬಲಿಲ್ಲ. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ಕಣ್ಣಾರೆ ಕಂಡ ಮೇಲೆ ನಂಬಬೇಕಾಯಿತು. ಹತ್ತು ಹತ್ತು ನಿಮಿಷದ ಮೂರು ನಾಟಕ. ಮೂರರಲ್ಲೂ ನಿಮ್ಮದೇ ಕಥೆ, ನಿಮ್ಮದೇ ಮಾತು. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಗೈಡಿನಿಂದಲೂ ಇಳಿಸಿದ್ದಲ್ಲ. ಕಾಪಿ ಹೊಡೆಯುವವರನ್ನು ಹಿಡಿಯಲು ನಮ್ಮಲ್ಲಿ ಸ್ಕ್ವಾಡ್ ಇದೆ, ಸಿಸಿ ಕ್ಯಾಮೆರಾ ಇದೆ, ಈಗ ವೆಬ್‌ಕಾಸ್ಟಿಂಗೂ ಬಂದಿದೆ. ಕಾಪಿ ಹೊಡೆಯದೆ ಬರೆದವರನ್ನು ಏನು ಮಾಡಬೇಕೆಂದು ಮಾತ್ರ ಯಾವ ಸುತ್ತೋಲೆಯಲ್ಲೂ ಹೇಳಿಲ್ಲ.

ನಮ್ಮ ಭಾಗದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಒಂದು ಶಿಸ್ತಿದೆ. ಪ್ರಾರ್ಥನಾ ಗೀತೆ, ದೀಪ ಬೆಳಗುವುದು, ಶಾಲು, ಹಾರ, ಭಾಷಣ, ಮತ್ತೆ ಭಾಷಣ, ಅದನ್ನು ಬೆಂಬಲಿಸಿ ಇನ್ನೊಂದು ಭಾಷಣ. ರಾತ್ರಿ ಹತ್ತರ ಸುಮಾರಿಗೆ ಸಿನಿಮಾ ಹಾಡಿಗೆ ಕುಣಿತ. ಕುಣಿತದ ನಡುವೆ, ಡ್ರೆಸ್ ಬದಲಿಸಲು ಸಮಯ ಸಿಗಲೆಂದು, ಒಂದು ಜಾಗೃತಿ ನಾಟಕ. ಅದರಲ್ಲಿ ಕುಡುಕ ಅಪ್ಪ ತೂರಾಡುತ್ತಾನೆ, ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಕಡೆಗೆ ಕನ್ನಡಕ ಹಾಕಿಕೊಂಡ ಹುಡುಗನೊಬ್ಬ ಮಾಸ್ತರನಾಗಿ ಬಂದು ಒಂದು ನಿಮಿಷ ಮಾತಾಡಿದ ಕೂಡಲೇ ಅಪ್ಪ ಕುಡಿತ ಬಿಡುತ್ತಾನೆ. ಎಷ್ಟು ಚೆಂದ! ಅದೇ ಹುಡುಗ ಮನೆಗೆ ಹೋದಾಗ ಅಲ್ಲಿ ಏನು ನಡೆದಿರುತ್ತದೆ ಅನ್ನುವುದು ನಾಟಕಕ್ಕೆ ಸಂಬಂಧಪಟ್ಟ ವಿಷಯವಲ್ಲ. ಪ್ರತಿಭಾ ಕಾರಂಜಿ ಅಂತ ಸರ್ಕಾರ ಬೇರೆ ಏರ್ಪಾಡೂ ಮಾಡಿದೆ. ಛದ್ಮವೇಷ ಹಾಕಿ ಯಾರಾದರೂ ಆಗಬಹುದು, ಮಿಮಿಕ್ರಿ ಮಾಡಿ ಯಾರ ದನಿಯನ್ನಾದರೂ ತೆಗೆಯಬಹುದು. ಇಷ್ಟೆಲ್ಲ ಬೇರೆಯವರ ದನಿ ಕೈಗೆ ಸಿಗುವಾಗ ನಿಮ್ಮ ದನಿಯ ಉಸಾಬರಿ ಯಾಕೆ?

ಈಗ ನಿಮ್ಮ ನೋಟ್‌ಬುಕ್ಕಿಗೆ ಬರುತ್ತೇನೆ. ಮೊದಲ ನಾಟಕದ ಹೆಸರು ‘ಗಾಡಿ ಲೇಟ್ ಅದ’. ಜಾಗ ವಾಡಿ ಜಂಕ್ಷನ್. 1874ರಲ್ಲಿ ನಿಜಾಮರ ಸೀಮೆಯ ಹಳಿ ಸಿಕಂದರಾಬಾದಿನಿಂದ ಬಂದು ಇಲ್ಲಿ ಕೂಡಿದಾಗಿನಿಂದ ಜನರನ್ನು ಬೇರೆ ಕಡೆ ಕಳಿಸಿಕೊಡುವುದೇ ಈ ಊರಿನ ದೊಡ್ಡ ಉದ್ಯೋಗ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ನೀವು ಬರೆದಿರುವುದೇನು? ಪ್ಲಾಟ್‌ಫಾರ್ಮಿನ ಮೇಲೆ ಒಂದು ಸಂಸಾರ. ಎರಡು ಗಂಟು, ಸೀಮೆಎಣ್ಣೆಯ ಹಳೆ ಸ್ಟೋವ್, ಬಟ್ಟೆಯಲ್ಲಿ ಕಟ್ಟಿದ ಸಜ್ಜಿ ರೊಟ್ಟಿ. ತೊಗರಿ ಕೈಕೊಟ್ಟಿದೆ, ಅಪ್ಪ ಅವ್ವ ಪುಣೆಗೆ ಬಿಲ್ಡಿಂಗ್ ಕೆಲಸಕ್ಕೆ ಹೊರಟಿದ್ದಾರೆ. ಜೊತೆಗೆ ಹತ್ತನೇ ಕ್ಲಾಸಿನ ಮಗಳು. ಅವಳ ಹಾಲ್ ಟಿಕೆಟ್ ರೊಟ್ಟಿ ಗಂಟಿನೊಳಗೇ ಇದೆ, ಎಣ್ಣೆ ಹತ್ತಿ ಒಂದು ಮೂಲೆ ಪಾರದರ್ಶಕವಾಗಿದೆ. ಮೇಲಿನಿಂದ ಸ್ಪೀಕರ್ ಮೂರು ಭಾಷೆಯಲ್ಲಿ ಗಾಡಿ ತಡವೆಂದು ಹೇಳಿ ವಿಷಾದಿಸುತ್ತದೆ. ಅದಕ್ಕೆ ಮಗಳು, ‘ಅವ್ವಾ, ಈ ಬಾಯಿ ದಿನಾ ಯಾರಿಗೆ ವಿಷಾದ ಹೇಳ್ತಾಳ?’ ಅನ್ನುತ್ತಾಳೆ. ‘ನಮಗೇ ಇರ್ಬೇಕು ತಗೀ, ಬ್ಯಾರೆ ಯಾರೂ ಹೇಳಂಗಿಲ್ಲಲ’ ಅಂತ ಅವ್ವ. ಆಮೇಲೆ ಗಾಡಿ ಬರುತ್ತದೆ, ಪರದೆ ಬೀಳುತ್ತದೆ.

ಅಷ್ಟೇ! ಹುಡುಗಿ ಗಾಡಿ ಹತ್ತಿದಳೋ, ಪರೀಕ್ಷೆಗೆ ಉಳಿದಳೋ? ಬರೆದವಳನ್ನು ಕರೆಸಿ ಕೇಳಿದೆ. ಕೈಕಟ್ಟಿ ನಿಂತು, ‘ಅದು ನೋಡ್ದೋರು ಹೇಳ್ಬೇಕ್ರಿ ಸರ’ ಅಂದಳು. ನೋಡಿದವರು ಹೇಳಬೇಕಂತೆ! ನೋಡುವವರು ಊಟ ಬಿಟ್ಟು ಬಂದು ಕೂತಿರುವುದು ಉತ್ತರ ಕೊಡುವುದಕ್ಕೋ? ನೀತಿ ಎಲ್ಲಿದೆ, ಯಾರು ಸುಧಾರಿಸಿದರು, ಸರ್ಕಾರದ ಯಾವ ಯೋಜನೆಯ ಹೆಸರು ಬಂತು?

ನಿಮಗೆ ನಿಮ್ಮ ನೆಲದ ಇತಿಹಾಸ ಗೊತ್ತಿದ್ದಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ವಾಡಿಯಲ್ಲಿ ಹೈದರಾಬಾದ್ ಕಡೆಯ ಪ್ಯಾಸೆಂಜರ್ ಹತ್ತಿದರೆ ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಸ್ಟೇಷನ್ ಬರುತ್ತದಲ್ಲ, ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಈ ನಾಡಿನವರು ಓದು ಬರಹ ಕಲಿಯದೆಯೂ ಕಾವ್ಯ ಕಟ್ಟಬಲ್ಲ ಜಾಣರು ಎಂದು ಆ ಪುಸ್ತಕ ಹೊಗಳಿದೆ. ನಾವು ಅದನ್ನು ಪ್ರತಿ ನವೆಂಬರಿನಲ್ಲಿ ಭಾಷಣಕ್ಕೆ ಬಳಸಿಕೊಂಡು, ಡಿಸೆಂಬರಿನಲ್ಲಿ ವಾಪಸು ಕಪಾಟಿಗಿಡುತ್ತೇವೆ. ಅದೇ ಅಮೋಘವರ್ಷನ ಹೆಸರಿನಲ್ಲಿ ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಸಂಸ್ಕೃತದ ಪುಟ್ಟ ಕೃತಿಯೂ ಇದೆ. ಪ್ರಶ್ನೆ ಕೇಳು, ಉತ್ತರ ಹೇಳು. ಶಿಕ್ಷಣ ಇಲಾಖೆಯವರು ರಾಜನ ಎರಡು ಆಸ್ತಿಯಲ್ಲಿ ಎರಡನೆಯದನ್ನು ಆರಿಸಿಕೊಂಡರು. ಈಗ ಅದಕ್ಕೆ ಪಾಸಿಂಗ್ ಪ್ಯಾಕೇಜ್ ಎನ್ನುತ್ತಾರೆ. ಹೋಲಿಸಿ ನೋಡಿದರೆ ರಾಜನ ಪ್ರಶ್ನೆಗಳಿಗೆ ಉತ್ತರ ಹೇಳಲು ಸ್ವಲ್ಪ ಯೋಚಿಸಬೇಕು. ಪ್ಯಾಕೇಜಿನಲ್ಲಿ ಆ ತೊಂದರೆ ಇಲ್ಲ.

ಪರೀಕ್ಷೆಯ ಮಾತು ಬಂದದ್ದರಿಂದ ಹೇಳುತ್ತೇನೆ, ನಮ್ಮ ಜಿಲ್ಲೆಯ ಮಾನ ಈಗ ನಿಮ್ಮ ಕೈಯಲ್ಲಿದೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ 91.12 ತೆಗೆದು ಮೊದಲು ನಿಂತರೆ, ಕಲಬುರಗಿ ಶೇ 42.43 ತೆಗೆದು ಕೊನೆಗೆ ನಿಂತಿತು. ಅಂದಿನಿಂದ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ನಡುವೆ ಸರಣಿ ಪರೀಕ್ಷೆ. ನೀವು ಕೇಳಬಹುದು, ಇಷ್ಟು ವರ್ಷ ಇಂಥ ನಾಟಕ ಆಡಿಸದೆಯೇ ಫಲಿತಾಂಶ ತಳಕ್ಕೆ ಹೋಯಿತಲ್ಲ, ಇನ್ನು ನಾಟಕದಿಂದ ಕೆಡುವುದೇನಿದೆ ಅಂತ. ಇಂಥ ತರ್ಕಕ್ಕೆ ಅಂಕವಿಲ್ಲ. ಉರು ಹೊಡೆದು ಪಾಸಾಗುವ ಮಗನನ್ನೂ, ನಪಾಸಾದರೂ ಮನೆಯ ಕಷ್ಟಕ್ಕೆ ಒದಗುವ ಮಗನನ್ನೂ ಎದುರುಬದುರು ನಿಲ್ಲಿಸಿ ಕೈಲಾಸಂ 1918ರಷ್ಟು ಹಿಂದೆಯೇ ‘ಟೊಳ್ಳುಗಟ್ಟಿ’ ಬರೆದರು. ಆ ನಾಟಕದಿಂದ ಒಂದು ಅಂಕದ ಪ್ರಶ್ನೆ ಕೇಳಬಹುದು: ಬರೆದವರು ಯಾರು? ಉತ್ತರ: ಟಿ.ಪಿ. ಕೈಲಾಸಂ. ಮುಗಿಯಿತಲ್ಲ, ಇನ್ನು ನಾಟಕ ಓದುವ ಅಗತ್ಯವೇನು.

ಹಾಗಂತ ನಾವು ನಾಟಕದ ವಿರೋಧಿಗಳಲ್ಲ. ವಿಜ್ಞಾನ ನಾಟಕ ಸ್ಪರ್ಧೆಗೆ ನಿಮ್ಮಂಥವರನ್ನು ಕಳಿಸುವವರು ನಾವೇ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದವರು ದಕ್ಷಿಣ ಭಾರತದ ಮಟ್ಟದವರೆಗೂ ನಡೆಸುವ ಸ್ಪರ್ಧೆ ಅದು. ವಿಷಯ ಅವರೇ ಕೊಡುತ್ತಾರೆ, ಅರ್ಧ ಗಂಟೆ ಸಮಯ. ನಾಟಕ ಬರೆಯುವುದು ವಿಜ್ಞಾನದ ಮಾಸ್ತರರು, ಅದೂ ಹಿಂದಿನ ರಾತ್ರಿ. ಹೀಗಾಗಿ ಅಲ್ಲಿ ಅಜ್ಜಿಯೂ ‘ದ್ಯುತಿಸಂಶ್ಲೇಷಣೆ’ ಎಂದು ತಡವರಿಸದೆ ಹೇಳುತ್ತಾಳೆ, ಕುರುಬರ ಹುಡುಗ ‘ಜಾಗತಿಕ ತಾಪಮಾನ ಏರಿಕೆಯಿಂದಾಗಿ’ ಎಂದೇ ಬಾಯಿ ತೆರೆಯುತ್ತಾನೆ. ಮನೆಯಲ್ಲಿ ‘ಭಾಳ ಬಿಸಲ ಅದ’ ಅನ್ನುವ ಹುಡುಗ ರಂಗದ ಮೇಲೆ ಹಾಗಂದರೆ ತೀರ್ಪುಗಾರರು ವಿಜ್ಞಾನದ ಅಂಕ ಕಳೆಯುತ್ತಾರೋ ಎಂಬ ಭಯ ಮಾಸ್ತರರಿಗೆ. ಒಂದು ಮಾತು ಒಪ್ಪಬೇಕು. ಈ ಸ್ಪರ್ಧೆಯಾದರೂ ಇರುವುದರಿಂದಲೇ ಎಷ್ಟೋ ಹಳ್ಳಿ ಶಾಲೆಯ ಮಕ್ಕಳು ಒಮ್ಮೆಯಾದರೂ ಪರದೆಯ ಹಿಂದೆ ನಿಂತು ಎದೆ ಹೊಡೆದುಕೊಂಡಿದ್ದಾರೆ. ಆದರೆ ಅದನ್ನು ಗಟ್ಟಿಯಾಗಿ ಹೇಳಿದರೆ ನನ್ನ ಪತ್ರದ ಬಲ ಕುಗ್ಗುತ್ತದೆ.

ಇನ್ನು ‘ಮಕ್ಕಳ ನಾಟಕ’ದಲ್ಲಿ ನಮ್ಮ ಕನ್ನಡ ಎಷ್ಟು ಸಂಪನ್ನ! ಕುವೆಂಪು ‘ಮೋಡಣ್ಣನ ತಮ್ಮ’ ಬರೆದರು. ಬಿ.ವಿ. ಕಾರಂತರು ಮಕ್ಕಳನ್ನು ಕುಣಿಸಿ ಹಾಡಿಸಿ ‘ಪಂಜರಶಾಲೆ’ ಮಾಡಿದರು. ವೈದೇಹಿ ಸಾಲುಸಾಲು ನಾಟಕ ಬರೆದುಕೊಟ್ಟರು. ಎಲ್ಲ ದೊಡ್ಡವರೇ ನೋಡಿ. ಮಕ್ಕಳ ನಾಟಕವೆಂದರೆ ದೊಡ್ಡವರು ಬರೆದದ್ದು. ಮಕ್ಕಳು ಬರೆದದ್ದು ತಲೆಹರಟೆ. ಹೊರದೇಶದಲ್ಲಿ ಬೇರೆ ಇರಬಹುದು. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದವರು ಎಳೆಯರ ನಾಟಕಗಳಿಗೆ ಉತ್ಸವ ಮಾಡಿದರಂತೆ, ಅದನ್ನು ನೋಡಿ ಸ್ಟೀಫನ್ ಸಾಂಡ್‌ಹೈಮ್ ಎಂಬ ಘಟಾನುಘಟಿ 1981ರಲ್ಲಿ ನ್ಯೂಯಾರ್ಕಿನಲ್ಲೂ ಹದಿಹರೆಯದವರ ನಾಟಕಗಳನ್ನು ವೃತ್ತಿಪರ ನಟರಿಂದ ಆಡಿಸಲು ಶುರುಮಾಡಿದನಂತೆ. ಅಲ್ಲಿನವರಿಗೆ ಮಾಡಲು ಬೇರೆ ಕೆಲಸವಿಲ್ಲ. ನಮಗೂ ಕಲಬುರಗಿಯಲ್ಲಿ ರಂಗಾಯಣ ಇದೆ, ನಟರಿದ್ದಾರೆ, ಎಸ್.ಎಂ. ಪಂಡಿತ್ ರಂಗಮಂದಿರವಿದೆ. ವಾಡಿಯ ಹುಡುಗಿಯ ಹತ್ತು ನಿಮಿಷದ ನಾಟಕವನ್ನು ಅಲ್ಲಿನ ಒಬ್ಬ ನಟಿ ಓದಿದರೆ ಏನಾಗಬಹುದೆಂದು ಯೋಚಿಸಿ. ಹುಡುಗಿ ಎರಡನೆಯದು ಬರೆಯುತ್ತಾಳೆ! ಆ ಅನಾಹುತಕ್ಕೆ ಯಾರು ಹೊಣೆ?

‘ಜಾತ್ರೆಯೊಳಗ ಊರ ಮಂದಿ ಬರೆದದ್ದು ಆಡಬೌದು, ನಾವ್ಯಾಕ ಆಡಬಾರದು?’ ಎಂದು ಒಬ್ಬ ಕೇಳಿದನಂತೆ. ಲಕ್ಷಗಟ್ಟಲೆ ಪಟ್ಟಿ ಎತ್ತಿ, ಹೊರಗಿನಿಂದ ನಾಯಕಿಯನ್ನು ಕರೆಸಿ, ‘ಎಂಬ ಸುಂದರ ಸಾಮಾಜಿಕ ನಾಟಕ’ ಎಂದು ಬ್ಯಾನರ್ ಹಾಕಿ ರಾತ್ರಿಯಿಡೀ ಆಡುತ್ತಾರಲ್ಲ, ಆ ನಾಟಕದಲ್ಲಿ ಮೂರು ಕೊಲೆ, ಒಂದು ಮಾನಭಂಗದ ಯತ್ನ, ಕ್ರೂರ ಗೌಡ, ಲಂಚಕೋರ ಫೌಜದಾರ ಎಲ್ಲ ಇರುತ್ತಾರೆ, ನಿಜ. ಆದರೆ ಅದು ಉದ್ಘಾಟನೆಯಾಗುವುದೇ ಊರ ಗೌಡರ ಅಮೃತಹಸ್ತದಿಂದ. ಮುಂದಿನ ಸಾಲಿನಲ್ಲಿ ಕೂತು ಗೌಡರು ತಮ್ಮ ಪಾತ್ರಕ್ಕೆ ತಾವೇ ಐನೂರರ ನೋಟು ಆಯೇರಿ ಮಾಡುತ್ತಾರೆ. ಯಾಕೆಂದರೆ ಅದು ಬೇರೆ ಊರ ಗೌಡ ಅಂತ ಇಡೀ ಊರಿಗೆ ಗೊತ್ತು. ನಿಮ್ಮ ನಾಟಕದಲ್ಲಿ ಆ ಮರ್ಯಾದೆ ಇಲ್ಲ. ಊರಿನ ಹೆಸರು ವಾಡಿ ಅಂತಲೇ ಬರೆದಿದ್ದೀರಿ.

ಎರಡನೆಯ ನಾಟಕವಂತೂ ಇನ್ನೂ ಅಪಾಯಕಾರಿ. ಅದರಲ್ಲಿ ಒಬ್ಬ ಹುಡುಗ ಮೈತುಂಬ ಹಿಟ್ಟು ಬಳಿದುಕೊಂಡು ಸಿಮೆಂಟ್ ಧೂಳಿನ ಪಾತ್ರ ಮಾಡುತ್ತಾನೆ. ಅವನಿಗೆ ಮಾತಿಲ್ಲ. ಅವ್ವ ಒಣಹಾಕಿದ ಹಪ್ಪಳದ ಮೇಲೆ ಕೂಡುತ್ತಾನೆ, ತುಳಸಿಕಟ್ಟೆಯ ಮೇಲೆ ಕೂಡುತ್ತಾನೆ, ಅಜ್ಜ ಕೆಮ್ಮಿದಾಗ ಎದ್ದುಹೋಗಿ ಮತ್ತೆ ಬಂದು ಮಗ್ಗುಲಲ್ಲೇ ಕೂಡುತ್ತಾನೆ. ಒಮ್ಮೆ ಪ್ರೇಕ್ಷಕರ ನಡುವೆಯೂ ಹೋಗಿ ಖಾಲಿ ಕುರ್ಚಿಯೊಂದರಲ್ಲಿ ಕೂತುಬಿಡುತ್ತಾನೆ. ಶಾಮಿಯಾನ, ಮೈಕ್ ಸೆಟ್ಟು, ಬಹುಮಾನದ ಸ್ಟೀಲ್ ತಾಟು ಯಾರು ಕೊಡಿಸುತ್ತಾರೆಂಬುದು ನಿಮಗೆ ಗೊತ್ತಿಲ್ಲವೆ? ದಾನಿಗಳ ಮಗ್ಗುಲಲ್ಲಿ ಧೂಳು ಕೂತರೆ ಅವರಿಗೆ ಏನನ್ನಿಸೀತು? ಮಾತಿಲ್ಲದ ಪಾತ್ರಕ್ಕೆ ಕತ್ತರಿ ಹಾಕುವುದು ಹೇಗೆಂದು ಕಮಿಟಿಯಲ್ಲಿ ಬಹಳ ಹೊತ್ತು ಚರ್ಚೆಯಾಗಿದೆ.

ಹೆದರಿಸಲಿಕ್ಕೆ ಹೇಳುತ್ತಿಲ್ಲ, ಆದರೆ ಮಗ್ಗುಲ ಬೀದರಿನ ಸಂಗತಿ ತಿಳಿದಿರಲಿ. 2020ರ ಜನವರಿ 21ರಂದು ಅಲ್ಲಿನ ಶಾಹೀನ್ ಶಾಲೆಯ ನಾಲ್ಕು, ಐದು, ಆರನೇ ತರಗತಿಯ ಮಕ್ಕಳು ಶಾಲೆಯೊಳಗೇ ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಅದು ಫೇಸ್‌ಬುಕ್ಕಿಗೆ ಹೋಯಿತು, ದೇಶದ್ರೋಹದ ಕೇಸು ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರ ತೊಟ್ಟು, ಆಯುಧ ಇಟ್ಟುಕೊಂಡು ಮಕ್ಕಳನ್ನು ಪ್ರಶ್ನಿಸಿದ್ದು ಅವರ ಹಕ್ಕಿನ ಉಲ್ಲಂಘನೆ ಎಂದು ಹೈಕೋರ್ಟ್ 2021ರಲ್ಲಿ ಹೇಳಿತು. 2023ರ ಜೂನ್‌ನಲ್ಲಿ ನಮ್ಮ ಕಲಬುರಗಿ ಪೀಠವೇ ಕೇಸನ್ನು ರದ್ದುಮಾಡಿತು. ಜೊತೆಗೆ, ಮಕ್ಕಳ ನಾಟಕಕ್ಕೆ ವಿದ್ಯಾಭ್ಯಾಸದಲ್ಲಿ ಆಸಕ್ತಿ ಬೆಳೆಸುವ ವಿಷಯಗಳೇ ಮೇಲು ಎಂಬ ಸಲಹೆಯನ್ನೂ ಕೊಟ್ಟಿತು. ಕೇಸು ರದ್ದಾದದ್ದನ್ನು ನಮ್ಮ ಕಮಿಟಿ ಮರೆತಿದೆ, ಸಲಹೆಯನ್ನು ಚೌಕಟ್ಟು ಹಾಕಿಸಿ ಇಟ್ಟಿದೆ.

ಆದರೂ ಒಬ್ಬ ರಂಗಪ್ರೇಮಿಯಾಗಿ ಅಸೂಯೆ ತಡೆಯಲಾಗುವುದಿಲ್ಲ. ನಮ್ಮ ಗ್ಯಾದರಿಂಗಿನಲ್ಲಿ ನಾಟಕದ ಮಾತು ಮೂರನೇ ಸಾಲಿಗೆ ಕೇಳುವುದಿಲ್ಲ. ಬೀದರಿನಲ್ಲಿ ಸರ್ಕಾರದವರೆಗೆ ಕೇಳಿಸಿತು. ಬರೆದವರು ಯಾರು, ಹೇಳಿಕೊಟ್ಟವರು ಯಾರು, ಆ ಮಾತು ಯಾರ ಬಾಯಿಂದ ಬಂತು ಅಂತ ಇಷ್ಟು ಆಸ್ಥೆಯಿಂದ ಕೇಳಿದ ಪ್ರೇಕ್ಷಕರು ಕಲ್ಯಾಣ ಕರ್ನಾಟಕದ ರಂಗಭೂಮಿಗೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

ಮೂರನೆಯ ನಾಟಕವನ್ನು ನಾನು ಪೂರ್ತಿ ಓದಲಿಲ್ಲ, ಮನಸ್ಸಿಗೆ ನೋವಾಯಿತು. ಬೆಳಿಗ್ಗೆ ಹತ್ತಕ್ಕೆ ಮಕ್ಕಳನ್ನು ಕಾದ ಶಹಾಬಾದ್ ಫರಸಿಯ ಮೇಲೆ ಕೂರಿಸುತ್ತಾರೆ. ಮಧ್ಯಾಹ್ನ ಎರಡಕ್ಕೆ ಮುಖ್ಯ ಅತಿಥಿ ಬರುತ್ತಾರೆ, ‘ಎರಡೇ ಮಾತು ಹೇಳ್ತೀನಿ’ ಎಂದು ಶುರುಮಾಡುತ್ತಾರೆ. ಮಾತು ಮುಗಿಯುವುದಿಲ್ಲ. ಕೂತ ಹುಡುಗರಿಗೆ ಮೀಸೆ ಬರುತ್ತದೆ, ಒಬ್ಬೊಬ್ಬರೇ ಎದ್ದು ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ, ಮದುವೆಯಾಗುತ್ತಾರೆ, ತಮ್ಮ ಮಕ್ಕಳನ್ನು ಕರೆತಂದು ಅದೇ ಫರಸಿಯ ಮೇಲೆ ಕೂರಿಸುತ್ತಾರೆ. ಅತಿಥಿಗಳು ಇನ್ನೂ ಮೊದಲನೇ ಮಾತಿನಲ್ಲೇ ಇದ್ದಾರೆ.

ಆಗಲಿ, ಹಟ ಬಿಡುವುದಿಲ್ಲ ಅಂದರೆ ಕಮಿಟಿಯ ಕರಾರು ಕೇಳಿಕೊಳ್ಳಿ. ಭಾಷೆ ಶುದ್ಧವಾಗಿರಬೇಕು, ‘ಲೇಟ್ ಅದ’ ಅನ್ನುವಂತಿಲ್ಲ, ‘ವಿಳಂಬವಾಗಿದೆ’ ಅನ್ನಬೇಕು. ಅವ್ವ ‘ತಾಯಿಯವರೇ’ ಆಗಬೇಕು. ಪುಣೆಗೆ ಹೊರಟ ಸಂಸಾರ ಪ್ರವಾಸಕ್ಕೆ ಹೊರಟಂತೆ ತಿದ್ದಬೇಕು, ಸ್ಟೋವ್ ಬದಲು ಕ್ಯಾಮೆರಾ ಹಿಡಿಯಲಿ. ಧೂಳಿನ ಪಾತ್ರವನ್ನು ಮಂಜು ಎಂದು ಬದಲಿಸಿದರೆ ಹಿಟ್ಟು ವ್ಯರ್ಥವಾಗುವುದಿಲ್ಲ, ಮಡಿಕೇರಿ ಅನ್ನಿ ಸಾಕು. ರಚನೆ ಎಂಬಲ್ಲಿ ಮುಖ್ಯ ಗುರುಗಳ ಹೆಸರು ಹಾಕಿ, ಕೆಳಗೆ ‘ಸಹಕಾರ’ ಅಂತ ನಿಮ್ಮ ಕ್ಲಾಸಿನ ಹೆಸರು ಸಣ್ಣಕ್ಷರದಲ್ಲಿ ಬರಲಿ. ಒಂದೊಂದಕ್ಕೆ ಹತ್ತು ನಿಮಿಷ ಕೇಳಿದ್ದೀರಿ. ವಂದನಾರ್ಪಣೆಯ ನಂತರ, ಮೈಕಿನವನು ವೈರ್ ಸುತ್ತುವುದರೊಳಗೆ ಮುಗಿಯುವುದಾದರೆ ಅಭ್ಯಂತರವಿಲ್ಲ.

ಇಂತಿ ನಿಮ್ಮ ಹಿತೈಷಿ,
ಗ್ಯಾದರಿಂಗ್ ಕಮಿಟಿಯ ಹಿರಿಯ ಸದಸ್ಯ

ವಿ.ಸೂ.: ಮೂರನೆಯ ನಾಟಕದ ಮುಖ್ಯ ಅತಿಥಿಯ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವೆಂದು ತಿಳಿಯಿತು. ಅನುಭವಸ್ಥರೇ ಬೇಕಾಗುತ್ತದೆ. ನಾನು ಬರಬಲ್ಲೆ. ಆದರೆ ನನ್ನ ಮಾತು ಬರೀ ಮೂರು ನಿಮಿಷ ಅಂತ ಬರೆದಿದ್ದೀರಿ, ಅದನ್ನು ನಲವತ್ತು ಮಾಡಿ. ಶಾಲು ನಾನೇ ತರುತ್ತೇನೆ.