ಆಟಗಾರನ ಬೆನ್ನಿನ ಯಂತ್ರವೂ ನಂದಿಕೂರಿನ ಕನೆಹಲಗೆಯೂ: ಒಂದು ತೌಲನಿಕ ಮೀಮಾಂಸೆ

ಫುಟ್‌ಬಾಲ್ ಆಟಗಾರನ ಎರಡು ಹೆಗಲೆಲುಬುಗಳ ನಡುವೆ, ಬಿಗಿ ಬನಿಯನ್ನಿನ ಜೇಬಿನಲ್ಲಿ, ಬೆಂಕಿಪೊಟ್ಟಣದಂಥ ಯಂತ್ರವೊಂದು ಕೂತಿರುತ್ತದೆ. ಅವನು ಎಷ್ಟು ಓಡಿದ, ಎಲ್ಲಿ ತಿರುಗಿದ, ಯಾವಾಗ ಓಡಿದಂತೆ ನಟಿಸಿದ ಎಂಬುದೆಲ್ಲ ಅದಕ್ಕೆ ಗೊತ್ತು. ಪಂದ್ಯದಲ್ಲೂ ಅದನ್ನು ತೊಡಬಹುದೆಂದು 2015ರಲ್ಲಿ ಅಪ್ಪಣೆಯಾಯಿತು. 2022ರ ಕತಾರ್ ವಿಶ್ವಕಪ್ಪಿನಲ್ಲಂತೂ ಚೆಂಡಿನ ಹೊಟ್ಟೆಯೊಳಗೇ ಸೆನ್ಸರ್ ಇಟ್ಟು, ಸೆಕೆಂಡಿಗೆ 500 ಸಲ ಅದರ ಯೋಗಕ್ಷೇಮ ವಿಚಾರಿಸಿದರು. ಇದೆಲ್ಲ ಹೊಸ ವಿದ್ಯೆಯೆಂದು ಪಾಶ್ಚಾತ್ಯರು ಭ್ರಮಿಸಿದ್ದಾರೆ. ಅಡ್ವೆ ನಂದಿಕೂರಿನ ಕೋಟಿ-ಚೆನ್ನಯ ಜೋಡುಕರೆ ಕಂಬಳವನ್ನು ಕಣ್ಣಾರೆ ಕಂಡ ಯಾವ ವಿದ್ವಾಂಸನೂ ಈ ಭ್ರಮೆಗೆ ಬೀಳಲಾರ. ಹಾಗೆ ಬೀಳದೆ ಉಳಿದವನೊಬ್ಬನ ಕೃತಿಯೇ ಪ್ರಸ್ತುತ ಪ್ರಬಂಧ.

ಮೊದಲು ಉಪಕರಣ ವಿಚಾರ. ಕನೆಹಲಗೆಯ ಓಟದಲ್ಲಿ ಕೋಣಗಳು ಎಳೆಯುವ ಹಲಗೆಯ ಮೇಲೆ ಓಡಿಸುವಾತ ಕಾಲೂರಿ ನಿಲ್ಲುತ್ತಾನೆ. ಹಲಗೆಯ ತೂತುಗಳಿಂದ ಕೆಸರುನೀರು ಆಕಾಶಕ್ಕೆ ಚಿಮ್ಮುತ್ತದೆ. 6.5 ಕೋಲು, 7.5 ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆ ಒದ್ದೆಯಾಯಿತೋ, ವೇಗ, ಬಲ, ಭಾರ, ಸಮತೋಲ ನಾಲ್ಕೂ ಒಟ್ಟಿಗೇ ದಾಖಲಾದವು. ಬ್ಯಾಟರಿ ಬೇಡ, ಚಾರ್ಜರ್ ಮನೆಯಲ್ಲಿ ಮರೆತು ಬರುವ ಪ್ರಮೇಯವೂ ಇಲ್ಲ. ದತ್ತಾಂಶ ನೇರವಾಗಿ ಪ್ರೇಕ್ಷಕರ ಬಿಳಿ ಅಂಗಿಯ ಮೇಲೆ ಬೀಳುವುದರಿಂದ ಪಾರದರ್ಶಕತೆಗೂ ಕೊರತೆಯಿಲ್ಲ.

ಇಲ್ಲಿ ಪೂರ್ವಪಕ್ಷಿಯೊಬ್ಬನು ಎದ್ದು ನಿಲ್ಲುತ್ತಾನೆ. 'ಈಗ ಕಂಬಳಕ್ಕೂ ಲೇಸರ್ ಬಂದಿದೆಯಲ್ಲ ಸ್ವಾಮಿ, ಸೆಕೆಂಡಿನ ನೂರನೇ ಒಂದು ಭಾಗವನ್ನೂ ಅಳೆಯುತ್ತಾರಲ್ಲ?' ಬಂದಿದೆ. ಬಂದು ಏನಾಯಿತೆಂಬುದನ್ನೂ ಅವನು ಕೇಳಬೇಕು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಪತ್ರಿಕೆಗಳು ತ್ರೈರಾಶಿಕ ಹಾಕಿದವು: 100 ಮೀಟರಿಗೆ 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಬೆವರು ಸುರಿಸಿ ಗಳಿಸಿದ 9.58, ಮಂಗಳೂರಿನ ಕ್ಯಾಲ್ಕುಲೇಟರಿನಲ್ಲಿ ಬಿದ್ದುಹೋಯಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಗೌಡರು ಹೋಗಲಿಲ್ಲ, ಗೆಲುವಿನಲ್ಲಿ ಕೋಣಗಳಿಗೂ ಪಾಲಿದೆ ಎಂದರು. ಇಡೀ ಪ್ರಕರಣದಲ್ಲಿ ವಿಜ್ಞಾನಿಯಂತೆ ಮಾತಾಡಿದವರು ಅವರೊಬ್ಬರೇ. ಅಷ್ಟಾದರೂ ಕೋಣಗಳನ್ನು ಯಾರೂ ಟ್ರಯಲ್ಸಿಗೆ ಕರೆಯಲಿಲ್ಲ. ನಾವಂತೂ ತ್ರೈರಾಶಿಕವನ್ನು ಅರ್ಧಕ್ಕೆ ಬಿಡುವವರಲ್ಲ. ಅದೇ ವೇಗದಲ್ಲಿ ರೋಹಾದಿಂದ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ರೈಲುಹಾದಿಯನ್ನು 19 ಗಂಟೆ 40 ನಿಮಿಷದಲ್ಲಿ ಓಡಿ ಮುಗಿಸಬಹುದು, ನಂದಿಕೂರು ಸ್ಟೇಷನ್ನಿನಲ್ಲಿ ಕ್ರಾಸಿಂಗಿಗೆಂದು ತಡೆದು ನಿಲ್ಲಿಸದಿದ್ದರೆ.

ಇನ್ನು ಆರೋಗ್ಯ ಪ್ರಕರಣ. ಯುರೋಪಿನ ಕ್ಲಬ್ಬುಗಳು ಆಟಗಾರನ ನಿದ್ದೆ, ನಾಡಿ, ಆಹಾರ, ಆಯಾಸ ಎಲ್ಲಕ್ಕೂ ಒಂದೊಂದು ಗ್ರಾಫ್ ಬರೆಸುತ್ತವೆ. ಕೋಣದ ಯಜಮಾನ ಬೆಳಗ್ಗೆ ಹಟ್ಟಿಗೆ ಹೋಗಿ ನೋಡುವುದೂ ಅದನ್ನೇ. ಮೆಲುಕು ಹಾಕಿತೇ? ಹುರುಳಿ ಉಳಿಸಿತೇ? ಸೆಗಣಿ ಗಟ್ಟಿಯೋ ತೆಳುವೋ? ಮೂಗು ಒಣಗಿದೆಯೇ? ಆಮೇಲೆ ಎಣ್ಣೆ ತಿಕ್ಕುವ ಕಾರ್ಯಕ್ರಮ. ಆಟಗಾರ ಪಂದ್ಯ ಮುಗಿಸಿ ಮಂಜುಗಡ್ಡೆಯ ತೊಟ್ಟಿಗೆ ಇಳಿದರೆ ಅದು ಕ್ರೀಡಾವಿಜ್ಞಾನ. ಕೋಣ ಕೆಸರಿಗೆ ಇಳಿದರೆ ಅದು ಕೋಣ. ಈ ತಾರತಮ್ಯವನ್ನು ಪ್ರಬಂಧವು ಉಗ್ರವಾಗಿ ಖಂಡಿಸುತ್ತದೆ. ಕೋಣಕ್ಕೂ ಆಟಗಾರನ ಬೆನ್ನಿನ ಆ ಯಂತ್ರ ಕಟ್ಟಿ ನೋಡೋಣವೆಂದರೆ ಬೇರೆಯೇ ತೊಡಕು. ಮಧ್ಯಾಹ್ನವಿಡೀ ಅದು ಕೆಸರಿನಲ್ಲಿ ಕದಲದೆ ಬಿದ್ದುಕೊಳ್ಳುವುದನ್ನು ದೂರದಲ್ಲಿ ಪರದೆಯ ಮುಂದೆ ಕೂತ ತಜ್ಞ ಗಾಯವೆಂದು ಓದಿ, ಬದಲಿ ಆಟಗಾರನನ್ನು ಇಳಿಸಲು ಹೇಳಿಯಾನು.

ಓಡಿಸುವಾತ ರಾತ್ರಿ ನಿದ್ದೆ ಮಾಡಿದನೇ, ಗಂಜಿ ಉಂಡನೇ ಎಂಬುದಕ್ಕೆ ನಮ್ಮ ಕೋಷ್ಟಕದಲ್ಲಿ ಕಲಮು ಇಲ್ಲ. ಅವನಿಗೆ ಸೆಗಣಿಯ ಪರೀಕ್ಷೆ ಅನ್ವಯಿಸುವುದಿಲ್ಲ ಎಂಬುದೇ ಕಾರಣ. ಕಾಲಿಗೆ ಏಟಾಗಿದ್ದರೆ ಓಟ ಮುಗಿಯುವ ಮಂಜೊಟ್ಟಿ ತಲಪುವುದರೊಳಗೆ ಅವನಿಗೇ ತಿಳಿಯುತ್ತದೆ.

ಕೊನೆಯ ಜಟಿಲ ಪ್ರಶ್ನೆ ದತ್ತಾಂಶದ ಒಡೆತನದ್ದು. ಆಟಗಾರನ ಎದೆಬಡಿತದ ಲೆಕ್ಕ ಆಟಗಾರನದೋ, ಕ್ಲಬ್ಬಿನದೋ ಎಂದು ವಿದೇಶಗಳಲ್ಲಿ ವಕೀಲರು ವಾದಿಸುತ್ತಿದ್ದಾರೆ. ತುಳುನಾಡಿನಲ್ಲಿ ವಾದವೇ ಬೇಡ. ಅರಸ ಭೂತಾಳಪಾಂಡ್ಯ ವಿಧಿಸಿದನೆನ್ನುವ ಹಳೆಯ ಅಳಿಯಕಟ್ಟಿನ ಪ್ರಕಾರ ಯಜಮಾನನ ತರುವಾಯ ಅದು ಮಗನಿಗೆ ಸಿಗದೆ ಸೋದರಳಿಯನಿಗೆ ಹೋಗತಕ್ಕದ್ದು. ಆ ಕಟ್ಟಿನಲ್ಲಿ ಪಾಸ್‌ವರ್ಡಿನ ಪ್ರಸ್ತಾಪವಿಲ್ಲವೆಂದು ಮಗ ಆಕ್ಷೇಪ ಎತ್ತಿಯಾನು. ಅಷ್ಟರಲ್ಲಿ ಅಳಿಯ ಅದನ್ನು ಬದಲಾಯಿಸಿ ಆಗಿರುತ್ತದೆ.